ಆಟದಲ್ಲಿ ಭತ್ತ ಬಂತು, ಚಾನಲ್ ನೀರಿನ ಸರದಿ ಬರಲಿಲ್ಲ

2024ರ ನವೆಂಬರ್ 12ರಂದು 'ಫಾರ್ಮಿಂಗ್ ಸಿಮ್ಯುಲೇಟರ್ 25' ಬಿಡುಗಡೆಯಾಯಿತು. ಬೇಸಾಯವನ್ನೇ ಆಟವಾಗಿಸಿದ ಈ ವಿಡಿಯೊ ಗೇಮ್ ಸರಣಿಗೆ ಆಗ 16 ವರ್ಷ. ಅಲ್ಲಿಯವರೆಗೆ ಗೋಧಿ, ಬಾರ್ಲಿ, ಆಲೂಗಡ್ಡೆ, ಮೆಕ್ಕೆಜೋಳ ಬೆಳೆದ ಆಟಗಾರರು ಮೊದಲ ಸಲ ಭತ್ತದ ಗದ್ದೆಗೆ ಇಳಿದರು. ಗದ್ದೆಗೆ ನೀರು ತುಂಬಿಸುವುದು, ಸಸಿ ಬೆಳೆಸುವುದು, ನಾಟಿ ಯಂತ್ರ ಓಡಿಸುವುದು ಎಲ್ಲ ಬಂತು. ಪೂರ್ವ ಏಷ್ಯಾದ ಹಳ್ಳಿಗಳನ್ನು ಹೋಲುವ 'ಹುತಾನ್ ಪಂತಾಯ್' ಎಂಬ ಹೊಸ ಊರು ಬಂತು. ಎಮ್ಮೆ, ಆಡುಗಳೂ ಸೇರಿದವು.

ದಾವಣಗೆರೆಯಲ್ಲಿ ಕೂತು ನೋಡಿದರೆ ಇದು ಸಣ್ಣ ಸುದ್ದಿಯಲ್ಲ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆಯ ಮನೆಗಳಲ್ಲಿ ಈಗ ಎರಡು ಗದ್ದೆಗಳಿವೆ. ಒಂದು ಚಾನಲ್ (ನಾಲೆ) ಪಕ್ಕದಲ್ಲಿ, ಇನ್ನೊಂದು ಪರದೆಯ ಮೇಲೆ. ಅಪ್ಪನ ಗದ್ದೆ ಮಕ್ಕಳ ಆಟದಲ್ಲಿ ಕಾಣಿಸಿಕೊಳ್ಳಲು 16 ವರ್ಷ ಹಿಡಿಯಿತು. ಆದರೆ ಹಾಗೆ ಕಾಣಿಸಿಕೊಂಡಾಗ ಏನೇನು ಬಂತು, ಏನೇನು ಹಿಂದೆ ಉಳಿಯಿತು? ಯಾವುದೇ ಆಟ ಕೆಲವನ್ನು ಲೆಕ್ಕ ಇಡುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಆಡುವವರ ಕಣ್ಣಿಗೆ ಬೇಸಾಯದ ಭಾಗವಾಗಿ ಕಾಣುವುದೇ ಇಲ್ಲ. ದಾವಣಗೆರೆ, ಚಿತ್ರದುರ್ಗದ ಬೇಸಾಯವನ್ನು ಬೇಸಾಯ ಮಾಡಿರುವುದೇ ಆ ಬಿಟ್ಟುಹೋದ ಭಾಗ ಎಂಬುದು ನನ್ನ ವಾದ.

ಮೊದಲು ಸರಣಿಯ ಕತೆ. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ಬಳಿಯ ಜೈಂಟ್ಸ್ ಸಾಫ್ಟ್‌ವೇರ್ ಇದನ್ನು ಮಾಡಿದ ಕಂಪನಿ. ಮೊದಲ ಆವೃತ್ತಿ 2008ರಲ್ಲಿ ಕಂಪ್ಯೂಟರ್‌ಗೆ ಬಂತು. ಒಂದಿಷ್ಟು ಹೊಲ, ಕೆಲವೇ ಯಂತ್ರ, ಅಷ್ಟೆ. ಯುದ್ಧವಿಲ್ಲ, ಓಟದ ಸ್ಪರ್ಧೆಯಿಲ್ಲ. ಗಂಟೆಗಟ್ಟಲೆ ಟ್ರ್ಯಾಕ್ಟರ್ ಓಡಿಸುವ ಆಟವನ್ನು ಯಾರು ಆಡುತ್ತಾರೆ ಅಂತ ಆಗ ಅನೇಕರಿಗೆ ಅನಿಸಿತ್ತು. ಆದರೆ ಜರ್ಮನಿ, ಫ್ರಾನ್ಸ್‌ನಲ್ಲಿ ಜನ ಕೊಂಡರು. ಹಳ್ಳಿಯವರೂ ಕೊಂಡರು, ಹಳ್ಳಿ ಬಿಟ್ಟು ಬಂದವರೂ ಕೊಂಡರು.

ಅಲ್ಲಿಂದ ಮುಂದೆ ಪ್ರತಿ ಆವೃತ್ತಿಯಲ್ಲೂ ಏನಾದರೂ ಸೇರುತ್ತ ಹೋಯಿತು. 2011ರ ಆವೃತ್ತಿಗೆ ಹಸು ಬಂತು, 2013ರದಕ್ಕೆ ಕೋಳಿ, ಕುರಿ. 17ನೇ ಆವೃತ್ತಿಗೆ (ಈ ಅಂಕಿ ಆಟದ ಹೆಸರಿನದು, ಎಣಿಕೆಯದಲ್ಲ) ಸೂರ್ಯಕಾಂತಿ, ಸೋಯಾ. 2018ರ ನವೆಂಬರ್‌ನಲ್ಲಿ ಬಂದ 19ನೇ ಆವೃತ್ತಿಗೆ ಹತ್ತಿ. ಅದೇ ಸಲ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್‌ನ ಯಂತ್ರಗಳು ಮೊದಲ ಬಾರಿ ಆಟದೊಳಗೆ ಬಂದವು. ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದ ಸುದ್ದಿ ಅದು. 2021ರ ನವೆಂಬರ್‌ನಲ್ಲಿ ಬಂದ 22ನೇ ಆವೃತ್ತಿ ಮೊದಲ ವಾರದಲ್ಲೇ 15 ಲಕ್ಷ ಪ್ರತಿ ಮಾರಾಟವಾಯಿತು. ದ್ರಾಕ್ಷಿ, ಆಲಿವ್ ಜೊತೆಗೆ ನಮ್ಮ ಜೋಳವೂ ಆ ಸಲ ಬಂತು. ಮೊಬೈಲ್‌ಗೆ ಬೇರೆ ಆವೃತ್ತಿಗಳಿವೆ: 14, 16, 18, 20, 23. ನಮ್ಮ ಕಡೆಯ ಹುಡುಗರ ಕೈಗೆ ಸಿಕ್ಕಿರುವುದು ಹೆಚ್ಚಾಗಿ ಇವೇ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಹೇಳಬೇಕು. ಈ ಸರಣಿಯಲ್ಲಿ ಬಹಳ ಕಾಲ ಋತುಗಳೇ ಇರಲಿಲ್ಲ. ಯಾವಾಗ ಬೇಕಾದರೂ ಬಿತ್ತಬಹುದಿತ್ತು, ಯಾವಾಗ ಬೇಕಾದರೂ ಕೊಯ್ಯಬಹುದಿತ್ತು. ಇದು ಸರಿಯಲ್ಲ ಅಂತ ಅನಿಸಿದ ಆಟಗಾರರೇ 'ಸೀಸನ್ಸ್' ಎಂಬ ಮಾಡ್ ತಯಾರಿಸಿ ಹಂಚಿದರು. ಮಾಡ್ ಅಂದರೆ ಮೂಲ ಆಟಕ್ಕೆ ಹೊರಗಿನವರು ಮಾಡಿ ಸೇರಿಸುವ ಭಾಗ. ಅದು ಎಷ್ಟು ಜನಪ್ರಿಯವಾಯಿತೆಂದರೆ, 22ನೇ ಆವೃತ್ತಿಯಲ್ಲಿ ಕಂಪನಿಯೇ ಋತುಚಕ್ರವನ್ನು ಆಟದೊಳಗೆ ಸೇರಿಸಿತು. ಆಟದ ಕಾಲಗಣನೆಯನ್ನೇ ಆಡುವವರು ಬದಲಾಯಿಸಿದರು. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಆಡುವ ಬಗೆ. ಆರಂಭದಲ್ಲಿ ಎಷ್ಟು ಆಸ್ತಿ ಇಟ್ಟುಕೊಂಡು ಶುರು ಮಾಡಬೇಕು ಅಂತ ಆರಿಸಿಕೊಳ್ಳಬಹುದು. ಜಮೀನು, ಮನೆ, ಯಂತ್ರ ಎಲ್ಲ ಇರುವ ರೈತನಾಗಬಹುದು. ಕೈಯಲ್ಲಿ ಬರೀ ಹಣ ಇರುವ ಹೊಸಬನೂ ಆಗಬಹುದು. ಆಮೇಲೆ ಹೊಲ ಹದ ಮಾಡುವುದು, ಬಿತ್ತುವುದು, ಗೊಬ್ಬರ ಹಾಕುವುದು, ಕಳೆ ತೆಗೆಯುವುದು, ಕಟಾವು ಮಾಡುವುದು, ಮಾರುವುದು. ಬಂದ ಹಣದಲ್ಲಿ ಇನ್ನೂ ದೊಡ್ಡ ಟ್ರ್ಯಾಕ್ಟರ್, ಇನ್ನೂ ಅಗಲದ ಕಟಾವು ಯಂತ್ರ, ಇನ್ನಷ್ಟು ಜಮೀನು. ಬ್ಯಾಂಕ್ ಸಾಲ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಕೆಲಸದ ಆಳು ಟ್ರ್ಯಾಕ್ಟರ್ ಹತ್ತುತ್ತಾನೆ, ಕೂಲಿ ಖಾತೆಯಿಂದ ತಾನೇ ಕಡಿತವಾಗುತ್ತದೆ. ಅಕ್ಕಪಕ್ಕದವರ ಹೊಲದಲ್ಲಿ ಗುತ್ತಿಗೆಗೆ ಕೆಲಸ ಮಾಡಿ ದುಡಿಯಬಹುದು. ಕಂಪ್ಯೂಟರ್‌ನಲ್ಲಿ 16 ಜನರವರೆಗೆ ಒಂದೇ ಊರಿನಲ್ಲಿ ಸೇರಿ ಆಡಬಹುದು.

ಆಟದ ಜೀವ ಇರುವುದು ಯಂತ್ರಗಳಲ್ಲಿ. 25ನೇ ಆವೃತ್ತಿಯಲ್ಲಿ 150ಕ್ಕೂ ಹೆಚ್ಚು ನಿಜವಾದ ಕಂಪನಿಗಳ 400ಕ್ಕೂ ಹೆಚ್ಚು ಯಂತ್ರಗಳಿವೆ. ಯಾವ ನೇಗಿಲಿಗೆ ಎಷ್ಟು ಅಶ್ವಶಕ್ತಿ ಬೇಕು, ಯಾವ ಟೈರ್ ಹಾಕಿದರೆ ಬೆಳೆ ತುಳಿಯುವುದಿಲ್ಲ, ಕಟಾವು ಯಂತ್ರದ ಟ್ಯಾಂಕ್ ತುಂಬುವಷ್ಟರಲ್ಲಿ ಟ್ರೈಲರ್ ಪಕ್ಕಕ್ಕೆ ಬರಬೇಕು ಎಂಬುದೆಲ್ಲ ಅಚ್ಚುಕಟ್ಟಾಗಿ ಇದೆ. 2020ರ ಡಿಸೆಂಬರ್‌ನಲ್ಲಿ 'ಪ್ರಿಸಿಷನ್ ಫಾರ್ಮಿಂಗ್' ಎಂಬ ಉಚಿತ ಭಾಗವೂ ಬಂತು. ಯುರೋಪಿನ ಆಹಾರ ಸಂಸ್ಥೆ ಇಐಟಿ ಫುಡ್ ಮತ್ತು ಜಾನ್ ಡಿಯರ್ ಇದರಲ್ಲಿ ಕೈಜೋಡಿಸಿದ್ದವು. ಹೊಲದ ಬೇರೆ ಬೇರೆ ಕಡೆ ಮಣ್ಣು ತೆಗೆದು ಪರೀಕ್ಷೆಗೆ ಕೊಡಬೇಕು. ಎಲ್ಲಿ ಸುಣ್ಣ ಬೇಕು, ಎಲ್ಲಿ ಸಾರಜನಕ ಸಾಕಷ್ಟಿದೆ ಅಂತ ನಕ್ಷೆ ಬರುತ್ತದೆ. ಅದರ ಪ್ರಕಾರ ಗೊಬ್ಬರ ಹಾಕಿದರೆ ಖರ್ಚು ಉಳಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಅಂತ ನಮ್ಮ ಕೃಷಿ ಇಲಾಖೆ ಎಷ್ಟು ವರ್ಷದಿಂದ ಹೇಳುತ್ತಿದೆ ಅಲ್ವಾ? ಅದನ್ನೇ ಈ ಆಟ ಆಡಿಸಿಯೇ ತಲೆಗೆ ಹತ್ತಿಸುತ್ತದೆ. ಹದಿನೈದರ ಹುಡುಗನಿಗೆ ಯೂರಿಯಾ ಚೀಲ ಸುಮ್ನೆ ಸುರಿಯುವುದು ತಪ್ಪು ಅಂತ ಇಷ್ಟು ಸಲೀಸಾಗಿ ತಿಳಿಸುವ ಬೇರೆ ದಾರಿ ನಾನು ನೋಡಿಲ್ಲ.

ಇಷ್ಟು ಕಾಳಜಿಯಿಂದ ಮಾಡಿದ ಆಟ ಅಂತಲೇ ಅದು ಬಿಟ್ಟಿರುವುದರ ಬಗ್ಗೆ ಗಟ್ಟಿಯಾಗಿ ಮಾತಾಡಬೇಕು ಅನಿಸುತ್ತದೆ.

ಬಿಟ್ಟಿರುವುದರಲ್ಲಿ ಮೊದಲನೆಯದು ನೀರು. ಈ ಸರಣಿಯಲ್ಲಿ ಭತ್ತ ಬಿಟ್ಟರೆ ಬೇರೆ ಯಾವ ಹೊಲದ ಬೆಳೆಗೂ ನೀರು ಹಾಯಿಸುವ ಕೆಲಸವೇ ಇಲ್ಲ. ಬಿತ್ತಿದರೆ ಮೊಳೆಯುತ್ತದೆ, ಬೆಳೆಯುತ್ತದೆ. ಮಳೆ ಬಂದರೆ ಆಗುವ ಮುಖ್ಯ ತೊಂದರೆ ಅಂದರೆ ಕಟಾವು ನಿಲ್ಲಿಸಬೇಕು, ಅಷ್ಟೆ. ಮಳೆ ಬಾರದಿದ್ದರೆ ಒಳ್ಳೆಯದೇ. ಮಧ್ಯ ಯುರೋಪಿನ ಗೋಧಿ ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುವಾದ ಆಟಕ್ಕೆ ಇದು ಸಹಜ. ಅಲ್ಲಿ ವರ್ಷವಿಡೀ ಅಷ್ಟಿಷ್ಟು ಮಳೆ ಬೀಳುತ್ತದೆ. ಕೊಯ್ಲಿನ ಹೊತ್ತಿಗೆ ಒಣ ಹವೆ ಸಿಗುತ್ತದೋ ಇಲ್ಲವೋ ಎಂಬುದೇ ರೈತನ ಆತಂಕ.

ಭತ್ತ ಬಂದ ಮೇಲೆ ಆಟಕ್ಕೆ ನೀರೂ ಬಂತು. ಆದರೆ ಹೇಗೆ ಬಂತು ನೋಡಿ. ಗದ್ದೆಗೆ ನೀರು ತುಂಬಿಸುವುದು ಉಳುಮೆ, ಬಿತ್ತನೆಯ ಹಾಗೆ ಇನ್ನೊಂದು ಕೆಲಸ. ತುಂಬಿಸು ಅಂದರೆ ತುಂಬುತ್ತದೆ. ಆ ನೀರು ಎಲ್ಲಿಂದ ಬಂತು, ಮೇಲಿನ ಗದ್ದೆಯವರು ಬಿಟ್ಟರೋ ಇಲ್ಲವೋ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಭದ್ರಾ ಅಚ್ಚುಕಟ್ಟಿನಲ್ಲಿ ಮಾತು ಶುರುವಾಗುವುದೇ ಆ ಪ್ರಶ್ನೆಯಿಂದ. ಲಕ್ಕವಳ್ಳಿಯ ಡ್ಯಾಂ ತುಂಬಿದರೆ 186 ಅಡಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಒಂದೇ ವಿಚಾರಣೆ: ಎಷ್ಟು ಅಡಿ ಆಯ್ತಂತೆ? ಆ ಅಂಕಿಯ ಮೇಲೆ ಎಲ್ಲ ನಿಂತಿದೆ. ನೀರಾವರಿ ಸಲಹಾ ಸಮಿತಿ ಯಾವತ್ತು ಸಭೆ ಸೇರುತ್ತದೆ, ನಾಲೆಗೆ ಯಾವ ದಿನ ನೀರು ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ, ಒಂದೇ ಸಮ ಬಿಡುತ್ತಾರೋ ಅಥವಾ ಆನ್ ಆಂಡ್ ಆಫ್ ಮಾಡುತ್ತಾರೋ. ಇದು ಗೊತ್ತಾದ ಮೇಲೇ ಸಸಿ ಮಡಿ ಹಾಕುವ ಮಾತು.

ಗೊತ್ತಾದ ಮೇಲೂ ನೆಮ್ಮದಿಯಿಲ್ಲ. ಬಲದಂಡೆ ನಾಲೆಯ ನೀರು ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳಲ್ಲಿ ಹಂಚಿಹೋಗಿ, ಉಪನಾಲೆ, ಹೊಲಗಾಲುವೆ ದಾಟಿ ಕೊನೆ ಭಾಗಕ್ಕೆ ಮುಟ್ಟಬೇಕು. ಮೇಲ್ಭಾಗದವರು ಬೇಗ ನಾಟಿ ಮುಗಿಸುತ್ತಾರೆ. ಕೊನೆ ಭಾಗದವರು ಕಾಯುತ್ತಾರೆ. ನಾಲೆಗೇ ಪಂಪ್‌ಸೆಟ್ ಇಟ್ಟು ನೀರೆತ್ತುವುದು ಹಳೆಯ ಜಗಳ. ನಾಟಿ ತಡವಾದರೆ, ತೆನೆಗೆ ಹಾಲು ತುಂಬುವ ಹೊತ್ತಿಗೆ ನಾಲೆ ನಿಲ್ಲಿಸುವ ದಿನ ಬಂದಿರುತ್ತದೆ. ಬೆಳೆ ಕಣ್ಣೆದುರು ಜೊಳ್ಳಾಗುತ್ತದೆ. ಬಿತ್ತನೆ ಚೆನ್ನಾಗಿ ಮಾಡಿದ್ದಾನೆ, ಗೊಬ್ಬರ ಸರಿಯಾಗಿ ಹಾಕಿದ್ದಾನೆ, ಕಳೆ ಕಿತ್ತಿದ್ದಾನೆ. ಆಟದ ಲೆಕ್ಕದಲ್ಲಿ ಅವನಿಗೆ ಪೂರ್ತಿ ಇಳುವರಿ ಬರಬೇಕು. ಬರಲಿಲ್ಲ, ಯಾಕೆಂದರೆ ಅವನ ಗದ್ದೆ ನಾಲೆಯ ಕೊನೆಯಲ್ಲಿತ್ತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಭದ್ರಾ ತುಂಬಲಿಲ್ಲ. ನಾಟಿ ಮಾಡಿ ಮುಗಿಸಿದ ಮೇಲೆ ನೀರು ಸತತವಾಗಿ ಹರಿಯಬೇಕೋ, ಬಿಟ್ಟು ಬಿಟ್ಟು ಹರಿಯಬೇಕೋ ಎಂಬ ವಾದ ದಾವಣಗೆರೆಯ ಬೀದಿಗೆ ಬಂತು. ರೈತರು ಧರಣಿ ಕೂತರು. ಭತ್ತದವರಿಗೆ ಒಂದು ಲೆಕ್ಕ, ಅಡಿಕೆ ತೋಟದವರಿಗೆ ಇನ್ನೊಂದು, ಮುಂದಿನ ಬೇಸಿಗೆಯ ಕುಡಿಯುವ ನೀರಿಗೆ ಮತ್ತೊಂದು. ಇಷ್ಟು ಬಿಗಿಯಾದ, ಇಷ್ಟು ಜನರ ಬದುಕು ಕಟ್ಟಿಕೊಂಡ ತೀರ್ಮಾನ ಯಾವ ಆಟದಲ್ಲಿದೆ? ಆಟ ಮಾಡುವವರು ಹುಡುಕುವುದು ಇಂಥ ಕಷ್ಟದ ಆಯ್ಕೆಯನ್ನೇ. ಅದು ನಮ್ಮ ಚಾನಲ್ ಏರಿಯ ಮೇಲೆ ದಿನವೂ ನಡೆಯುತ್ತಿದೆ.

ಚಿತ್ರದುರ್ಗದ ಕಡೆ ಹೋದರೆ ಬಹುಪಾಲು ನಾಲೆಯೂ ಇಲ್ಲ, ಬರೀ ಮುಗಿಲು. ಚಳ್ಳಕೆರೆಯ ಶೇಂಗಾ, ಹಿರಿಯೂರು ಸುತ್ತಿನ ಈರುಳ್ಳಿ, ಪಕ್ಕದ ಜಗಳೂರಿನ ಮೆಕ್ಕೆಜೋಳ ಎಲ್ಲ ಬಹುಪಾಲು ಮಳೆಯನ್ನೋ ಕೊಳವೆಬಾವಿಯನ್ನೋ ನಂಬಿಕೊಂಡ ಬೆಳೆ. ಇಲ್ಲಿ ರೈತನ ಜಾಣತನ ಅಂದರೆ ಹದ ನೋಡಿ ಬಿತ್ತುವುದು. ಮೊದಲ ಮಳೆಗೇ ಕೂರಿಗೆ ಹೂಡಬೇಕೋ, ಎರಡನೆಯದಕ್ಕೆ ಕಾಯಬೇಕೋ? ಬೇಗ ಬಿತ್ತಿದರೆ ಮೊಳಕೆ ಬಂದು ಒಣಗಬಹುದು, ಬೀಜದ ದುಡ್ಡು ಹೋಯಿತು. ಕಾದರೆ ಮಳೆ ಹಿಂದಿರುಗಿ ಬಾರದೇ ಹೋಗಬಹುದು. ಆಟದಲ್ಲಿ ಬೀಜ ಬಿತ್ತುವ ತಿಂಗಳು ಪಟ್ಟಿಯಲ್ಲಿ ಬರೆದಿರುತ್ತದೆ. ಆ ತಿಂಗಳಲ್ಲಿ ಯಾವ ದಿನ ಬಿತ್ತಿದರೂ ಒಂದೇ.

ವಾಣಿ ವಿಲಾಸ ಸಾಗರದ ಕತೆ ಒಂದೇ ಸಾಕು, ಈ ಜಿಲ್ಲೆಯಲ್ಲಿ ನೀರು ಅಂದರೆ ಏನು ಅಂತ ತಿಳಿಯಲು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ಮಾರಿಕಣಿವೆ ಅಂತಲೂ ಕರೆಯುವ ಈ ಡ್ಯಾಂ ನೋಡಲು ಆ ದಿನಗಳಲ್ಲಿ ಜನ ಜಾತ್ರೆಗೆ ಬಂದ ಹಾಗೆ ಬಂದರು. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಈ ಜಿಲ್ಲೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಆ ದುಡ್ಡು ಬರಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ. ಇಲ್ಲಿಯ ಮಗು ಬೇಸಾಯದ ಆಟ ಆಡುವಾಗ ಅದರಲ್ಲಿ ನೀರಿನ ಚಿಂತೆಯೇ ಇಲ್ಲದಿದ್ದರೆ, ಆ ಆಟ ಆ ಮಗುವಿನ ಅಜ್ಜ, ಅಪ್ಪನ ಇಡೀ ಜಾಣತನವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತಲೇ ಅರ್ಥ.

25ನೇ ಆವೃತ್ತಿಯಲ್ಲಿ ಆಲಿಕಲ್ಲು ಮಳೆ, ಸುಂಟರಗಾಳಿ ಬಂದಿವೆ ನಿಜ. ಆದರೆ ಅವುಗಳಿಂದ ಹಾನಿ ಬೇಡ ಅಂದರೆ ಸೆಟ್ಟಿಂಗ್‌ಗೆ ಹೋಗಿ ನಿಲ್ಲಿಸಬಹುದು.

ಸೆಟ್ಟಿಂಗ್ ಅಂದಾಗ ಬೆಲೆಯ ಮಾತು ಬರುತ್ತದೆ. ನನಗೆ ಈ ಸರಣಿಯಲ್ಲಿ ಬಹಳ ಮುಖ್ಯ ಅನಿಸಿದ ಸಂಗತಿ ಇದು. ಆಟದಲ್ಲಿ ಆರ್ಥಿಕ ಕಷ್ಟದ ಮಟ್ಟ ಅಂತ ಒಂದು ಆಯ್ಕೆ ಇದೆ: ಸುಲಭ, ಸಾಧಾರಣ, ಕಠಿಣ. ಸುಲಭ ಅಂತ ಇಟ್ಟರೆ ಏನಾಗುತ್ತದೆ? ಮುಖ್ಯವಾಗಿ ಬೆಳೆಗೆ ಜಾಸ್ತಿ ಬೆಲೆ ಸಿಗುತ್ತದೆ. ಕಠಿಣ ಅಂದರೆ ಅದೇ ಬೆಳೆ, ಅದೇ ದುಡಿಮೆ, ಕಡಿಮೆ ಬೆಲೆ. ಬೇಸಾಯ ಕಷ್ಟವೋ ಸುಲಭವೋ ಎಂಬುದನ್ನು ಬೆಲೆಯೇ ತೀರ್ಮಾನಿಸುತ್ತದೆ ಅಂತ ಸ್ವಿಟ್ಜರ್ಲೆಂಡಿನ ಆ ತಂಡಕ್ಕೂ ಗೊತ್ತಿತ್ತು. ದಾವಣಗೆರೆ ಯಾರ್ಡಿಗೆ ಮೆಕ್ಕೆಜೋಳ ತರುವವನಿಗೆ ಆ ಆಯ್ಕೆ ಇಲ್ಲ. 2025–26ಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2400 ರೂಪಾಯಿ, ಸಾಮಾನ್ಯ ಭತ್ತಕ್ಕೆ 2369. ಕಟಾವಿನ ಕಾಲದಲ್ಲಿ ಮಾರುಕಟ್ಟೆ ಅದಕ್ಕಿಂತ ಕೆಳಗೆ ಇಳಿದದ್ದೂ, ಖರೀದಿ ಕೇಂದ್ರ ತೆರೆಯಿರಿ ಅಂತ ರೈತರು ರಸ್ತೆಗೆ ಇಳಿದದ್ದೂ ಎಲ್ಲರೂ ನೋಡಿದ್ದು.

ಆಟದಲ್ಲೂ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಜಾಣ ಆಟಗಾರ ಧಾನ್ಯವನ್ನು ಗೋದಾಮಿನಲ್ಲಿ ಇಟ್ಟು, ಬೆಲೆ ಬಂದಾಗ ಮಾರುತ್ತಾನೆ. ಇದು ಸರಿಯಾದ ಪಾಠವೇ. ಆದರೆ ಕಾಯಲು ಗೋದಾಮು ಬೇಕು, ಜೇಬಲ್ಲಿ ದುಡ್ಡು ಬೇಕು. ಗೊಬ್ಬರದ ಅಂಗಡಿಯ ಬಾಕಿ, ಸೊಸೈಟಿ ಸಾಲ, ಮಗಳ ಕಾಲೇಜು ಫೀಸು ಕಾಯುವುದಿಲ್ಲ. ತೇವ ಜಾಸ್ತಿ ಇದೆ ಅಂತ ಬೆಲೆ ಕಡಿಮೆ ಕೂಗುತ್ತಾರೆ. ಒಣಗಿಸೋಣ ಅಂದರೆ ಕಣ ಇಲ್ಲದೆ ರಸ್ತೆಯ ಮೇಲೆ ಹರಡಬೇಕು, ಮೋಡ ನೋಡುತ್ತ ಕೂರಬೇಕು. ಈರುಳ್ಳಿಯಂತೂ ಕಾಯುವ ಬೆಳೆಯೇ ಅಲ್ಲ.

ಕೀಟದ ಬಗ್ಗೆ ಎರಡು ಮಾತು. ಆಟದಲ್ಲಿ ಕಳೆ ಇದೆ, ಹುಳು ಇಲ್ಲ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಮೆಕ್ಕೆಜೋಳದ ಸುಳಿಯೊಳಗೆ ಕೂತು ಮೇಯುವ ಈ ಹುಳ ಎರಡು ವರ್ಷದೊಳಗೆ ದೇಶದ ಬಹುಭಾಗಕ್ಕೆ ಹಬ್ಬಿತು. ಬೆಳಗ್ಗೆ ಹೊಲಕ್ಕೆ ಹೋದವರು ಮೊದಲು ಸುಳಿ ಬಿಡಿಸಿ ನೋಡುವುದು ಆಗಿನಿಂದ ಅಭ್ಯಾಸವಾಗಿದೆ.

ಇನ್ನು ಯಂತ್ರ ಮತ್ತು ಜಮೀನಿನ ಅಳತೆ. 2015–16ರ ಕೃಷಿ ಗಣತಿಯಲ್ಲಿ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಸುಮಾರು 2 ಎಕರೆ 27 ಗುಂಟೆ. 100ರಲ್ಲಿ 86 ಹಿಡುವಳಿಗಳು ಸಣ್ಣ, ಅತಿ ಸಣ್ಣ ರೈತರವು. ಆಟದ ದೊಡ್ಡ ಕಟಾವು ಯಂತ್ರ ಈ ಗದ್ದೆಯಲ್ಲಿ ತಿರುಗುವುದೇ ಕಷ್ಟ. ಹಾಗಂತ ನಮ್ಮಲ್ಲಿ ಯಂತ್ರ ಇಲ್ಲ ಅಂತಲ್ಲ. ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ಕೆಸರು ಹೊಡೆಯುತ್ತದೆ, ಭತ್ತದ ಕಟಾವು ಬಹುತೇಕ ಯಂತ್ರದ್ದೇ. ಆದರೆ ಅದು ಗಂಟೆ ಲೆಕ್ಕದ ಬಾಡಿಗೆ ಯಂತ್ರ. ಹೊರರಾಜ್ಯದಿಂದಲೂ ಬರುತ್ತದೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಾಡಿಗೆಗೆ ಕೊಡುತ್ತವೆ. ಇಡೀ ಊರಿನ ಭತ್ತ ಒಂದೇ ವಾರ ಹಣ್ಣಾದಾಗ ಯಂತ್ರ ಯಾರ ಗದ್ದೆಗೆ ಮೊದಲು ಇಳಿಯುತ್ತದೆ ಎಂಬುದು ದೊಡ್ಡ ವಿಷಯ. ಆಟದಲ್ಲೂ ಬಾಡಿಗೆ ಉಂಟು. ಗಂಟೆಗಿಷ್ಟು, ದಿನಕ್ಕಿಷ್ಟು ಅಂತ ಲೆಕ್ಕವೂ ಉಂಟು. ಸರದಿ ಮಾತ್ರ ಇಲ್ಲ. ಬೇಕು ಅಂದ ಕೂಡಲೇ ಅಂಗಳದಲ್ಲಿ ನಿಂತಿರುತ್ತದೆ. ನಾಟಿಗೆ ಬಗ್ಗಿ ನಿಂತ ಹೆಣ್ಣುಮಕ್ಕಳ ಗುಂಪಂತೂ ಈ ಆಟದ ಕಣ್ಣಿಗೆ ಬಿದ್ದೇ ಇಲ್ಲ. ಅವರ ಬದಲು ಯಂತ್ರವೇ ಇದೆ.

ಅಷ್ಟನ್ನೆಲ್ಲ ಆಟದಲ್ಲಿ ತರಲು ಆಗುತ್ತದಾ, ಆಟ ಅಂದರೆ ಖುಷಿಗೆ ತಾನೇ ಅಂತ ಕೇಳಬಹುದು. ತರಲು ಆಗುತ್ತದೆ. ಬೇರೆಯವರು ಈಗಾಗಲೇ ತಂದಿದ್ದಾರೆ.

1979ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಜಾರ್ಜ್ ರೋರ್‌ಬಾಕರ್ ಎಂಬ ರೈತ ಮಣೆಯ ಮೇಲೆ ಆಡುವ 'ದಿ ಫಾರ್ಮಿಂಗ್ ಗೇಮ್' ಮಾಡಿದರು. ಅವರೇ ಸಾಲದಲ್ಲಿ ಸಿಕ್ಕಿಕೊಂಡಿದ್ದರು. ಅದಕ್ಕೇ ಅವರ ಆಟದ ರೈತ ತುಂಡು ಜಮೀನು ಮತ್ತು ಸಾಲದೊಂದಿಗೆ ಶುರು ಮಾಡುತ್ತಾನೆ. ಪೇಟೆಯಲ್ಲಿ ನೌಕರಿಯನ್ನೂ ಮಾಡುತ್ತಾನೆ. ಆ ನೌಕರಿ ಬಿಟ್ಟು ಬರೀ ಬೇಸಾಯದ ಮೇಲೆ ಬದುಕುವಂತಾದರೆ ಗೆದ್ದಂತೆ. ಹವಾಮಾನ, ಬೆಲೆ, ಸಾಲ ಮೂರೂ ಅದರಲ್ಲಿವೆ. 1993ರಲ್ಲಿ ಮ್ಯಾಕ್ಸಿಸ್ ಕಂಪನಿಯ 'ಸಿಮ್‌ಫಾರ್ಮ್' ಬಂದಾಗ ಬರ, ಕೀಟ ಎರಡೂ ಅದರಲ್ಲಿದ್ದವು.

ಜಪಾನಿನದು ಬೇರೆಯೇ ದಾರಿ. 1996ರಲ್ಲಿ ಯಾಸುಹಿರೊ ವಾಡಾ 'ಬೊಕುಜೊ ಮೊನೊಗತಾರಿ' ಸರಣಿ ಶುರು ಮಾಡಿದರು. ಹೊರದೇಶಗಳಲ್ಲಿ ಅದು 'ಹಾರ್ವೆಸ್ಟ್ ಮೂನ್' ಅಂತ ಹೆಸರಾಯಿತು. ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊಗೆ ಬಂದವರು. ಅವರ ಆಟದಲ್ಲಿ ಯಂತ್ರವಿಲ್ಲ. ಗುದ್ದಲಿಯ ಪ್ರತಿ ಏಟಿಗೂ ಮೈಯ ಕಸುವು ಕಡಿಮೆಯಾಗುತ್ತದೆ, ಗಿಡಕ್ಕೆ ದಿನವೂ ನೀರು ಹಾಕಬೇಕು, ಊರಿನವರ ಜೊತೆ ಬಾಳಬೇಕು. ಅದರಿಂದ ಪ್ರೇರಣೆ ಪಡೆದು ಎರಿಕ್ ಬ್ಯಾರೋನ್ ಒಬ್ಬರೇ ಕೂತು ಮಾಡಿದ 'ಸ್ಟಾರ್‌ಡ್ಯೂ ವ್ಯಾಲಿ' 2016ರಲ್ಲಿ ಬಂತು. 2024ರ ಕೊನೆಗೆ ಅದು 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ದುಡಿಯುವ ಮೈಗೆ ಲೆಕ್ಕ ಕೊಟ್ಟರೆ ಜನ ಬೇಸರಪಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭತ್ತದ ವಿಷಯಕ್ಕೆ ಬಂದರೆ 2020ರ ನವೆಂಬರ್‌ನಲ್ಲಿ ಬಂದ 'ಸಕುನಾ' ಆಟವನ್ನು ದಾವಣಗೆರೆಯವರು ನೋಡಲೇಬೇಕು. ಎಡಲ್ವೈಸ್ ಎಂಬ ಪುಟ್ಟ ಜಪಾನಿ ತಂಡದ ಕೆಲಸ. ಅದರಲ್ಲಿ ಸುಗ್ಗಿಯ ದೇವತೆಯೊಬ್ಬಳು ಅಕ್ಕಿ ಬೆಳೆಯಬೇಕು. ಬೀಜ ಆರಿಸುವುದು, ಸಸಿಯಿಂದ ಸಸಿಗೆ ಅಂತರ ಬಿಟ್ಟು ನಾಟಿ ಮಾಡುವುದು, ಯಾವ ಹಂತದಲ್ಲಿ ಎಷ್ಟು ನೀರು ನಿಲ್ಲಿಸಬೇಕು, ಯಾವಾಗ ಗದ್ದೆ ಒಣಗಿಸಬೇಕು, ಗೊಬ್ಬರಕ್ಕೆ ಏನು ಹಾಕಬೇಕು, ಕೊಯ್ದ ಮೇಲೆ ಎಷ್ಟು ದಿನ ಒಣಗಿಸಬೇಕು ಎಲ್ಲಕ್ಕೂ ಇಳುವರಿಯಲ್ಲಿ ಲೆಕ್ಕ ಇದೆ. ಆಟದಲ್ಲಿ ಗೆಲ್ಲುವುದು ಹೇಗೆ ಅಂತ ಆಟಗಾರರು ಜಪಾನ್ ಸರ್ಕಾರದ ಕೃಷಿ ಸಚಿವಾಲಯದ ಜಾಲತಾಣಕ್ಕೇ ಹೋಗಿ ಭತ್ತದ ಮಾಹಿತಿ ಓದಿದರು. ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದ ಭತ್ತದ ಕೈಪಿಡಿಯನ್ನು ಒಂದು ಆಟ ಗೆಲ್ಲಲಿಕ್ಕೆ ಅಂತ ಹುಡುಗರು ಹುಡುಕಿ ಓದುವ ದಿನ ಬಂದರೆ ಎಷ್ಟು ಚೆನ್ನ!

ಇಲ್ಲಿ ಮನೆಯ ಹಿರಿಯರಿಗೆ ಒಂದು ಮಾತು ಹೇಳಬೇಕು. ಆನ್‌ಲೈನ್ ಗೇಮ್ ಅಂದ ಕೂಡಲೇ ಮನಸ್ಸಿಗೆ ಬರುವುದು ರಮ್ಮಿ, ಬೆಟ್ಟಿಂಗ್. ಆ ಭಯ ಸುಳ್ಳಲ್ಲ, ಮನೆಗಳು ಹಾಳಾಗಿವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು. ಅದೇ ಕಾನೂನು ಇ-ಕ್ರೀಡೆಗೆ, ಹಣದ ಪಣವಿಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡಬೇಕು ಅನ್ನುತ್ತದೆ. ಫಾರ್ಮಿಂಗ್ ಸಿಮ್ಯುಲೇಟರ್ ಎರಡನೆಯ ಗುಂಪಿನದು. ಯುರೋಪಿನಲ್ಲಿ 2019ರಲ್ಲಿ ಅದರದ್ದೇ ಲೀಗ್ ಶುರುವಾಯಿತು, ಮೊದಲ ಸಾಲಿನ ಒಟ್ಟು ಬಹುಮಾನ 2.5 ಲಕ್ಷ ಯೂರೊ. ಮೂರು ಮೂರು ಜನರ ತಂಡಗಳು ಬೆಳೆ ಕೊಯ್ದು, ಹುಲ್ಲಿನ ಪೆಂಡಿ ಕಟ್ಟಿ ಸಾಗಿಸುವ ಪೈಪೋಟಿ ಅದು. ಮಗ ಮೊಬೈಲ್‌ನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರೆ ಗದರುವ ಮೊದಲು ಪಕ್ಕದಲ್ಲಿ ಕೂತು, ಇಷ್ಟು ಎಕರೆಗೆ ನಿನಗೆ ಎಷ್ಟು ಬಂತಪ್ಪ ಅಂತ ಕೇಳಿ. ನಿಜವಾದ ಗದ್ದೆಯ ಲೆಕ್ಕ ಅವನಿಗೆ ಹೇಳಲು ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ನಮ್ಮ ಕಡೆಯ ಬೇಸಾಯವನ್ನು ಆಟದೊಳಗೆ ತರುವ ಕೆಲಸಕ್ಕೆ ಕಂಪನಿಯನ್ನು ಕಾಯಬೇಕಾಗಿಲ್ಲ. ಹೊಸ ಊರು, ಹೊಲ ಕಟ್ಟುವ 'ಜೈಂಟ್ಸ್ ಎಡಿಟರ್' ಉಚಿತವಾಗಿ ಸಿಗುತ್ತದೆ. ಮಾಡ್‌ಗಳನ್ನು ಬರೆಯುವುದು ಲುವಾ ಎಂಬ ಸರಳ ಭಾಷೆಯಲ್ಲಿ. ಋತುಗಳನ್ನು ಆಟಕ್ಕೆ ತಂದವರು ಆಟಗಾರರೇ ಅಂತ ಆಗಲೇ ಹೇಳಿದೆ. ನೀರಿನ ಸರದಿಯನ್ನು ತರುವವರೂ ಅವರೇ ಆಗಬಹುದು. ದಾವಣಗೆರೆಯಲ್ಲಿ ಬಿಐಇಟಿ, ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಎಷ್ಟೋ ಮಕ್ಕಳ ಮನೆಯಲ್ಲಿ ಗದ್ದೆಯಿದೆ. ಬೆಳೆಯ ಲೆಕ್ಕ ಕೇಳಲು ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಊರಲ್ಲೇ ಇದೆ, ಒಣಬೇಸಾಯದ್ದು ಕೇಳಲು ಹಿರಿಯೂರಿನ ಬಬ್ಬೂರು ಫಾರಂ ಇದೆ. ಸರ್ವೆ ನಂಬರ್ ಸಮೇತ ಜಮೀನಿನ ಗಡಿ ನೋಡಲು ದಿಶಾಂಕ್ ಆ್ಯಪ್ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವವರಿಗೆ ಇಷ್ಟು ಸಾಮಗ್ರಿ ಬೇರೆ ಎಲ್ಲಿ ಸಿಗುತ್ತದೆ?

ಇಡೀ ಜಿಲ್ಲೆಯನ್ನು ತೆಗೆದುಕೊಳ್ಳಬೇಕಿಲ್ಲ. ಭದ್ರಾ ನಾಲೆಯ ಒಂದೇ ಒಂದು ಉಪನಾಲೆ ಸಾಕು. ಅದರ ಮೇಲೆ ಹದಿನಾರು ಗದ್ದೆ, ಹದಿನಾರು ಆಟಗಾರರು. ಡ್ಯಾಂ ಮಟ್ಟ ಪ್ರತಿ ಸುತ್ತಿಗೂ ಬೇರೆ, ಒಮ್ಮೆ 186 ಅಡಿ, ಒಮ್ಮೆ 160. ನೀರು ಎಷ್ಟು ದಿನ, ಯಾವ ಕ್ರಮದಲ್ಲಿ ಅಂತ ಎಲ್ಲರೂ ಸೇರಿ ಸಭೆಯಲ್ಲಿ ತೀರ್ಮಾನಿಸಬೇಕು. ಮೇಲಿನವನು ರಾತ್ರಿ ತೂಬು ತೆರೆದಿಟ್ಟರೆ ಕೆಳಗಿನವನ ಗದ್ದೆ ಬಿರಿಯುತ್ತದೆ. ಕೆಳಗಿನವನು ಭತ್ತ ಬಿಟ್ಟು ಮೆಕ್ಕೆಜೋಳ ಹಾಕಬಹುದು, ಬೋರ್ ಕೊರೆಸಬಹುದು, ಅಥವಾ ನಾಲ್ಕು ಜನರನ್ನು ಕಟ್ಟಿಕೊಂಡು ಏರಿಯ ಮೇಲೆ ಕಾವಲು ಕೂರಬಹುದು. ಗೆಲುವನ್ನು ಒಬ್ಬನ ಖಾತೆಯಲ್ಲಿ ಎಣಿಸಬಾರದು, ಹದಿನಾರನೇ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ ಅಂತ ಎಣಿಸಬೇಕು. ಆಡಿ ನೋಡಲು ಮೊದಲ ಹದಿನಾರು ಜನರನ್ನು ಆರಿಸುವಾಗ ವಿದ್ಯಾರ್ಥಿಗಳು ಎಂಟು ಜನ ಇರಲಿ, ಉಳಿದ ಎಂಟು ಕುರ್ಚಿ ಕೊನೆ ಭಾಗದ ರೈತರಿಗೆ ಇರಲಿ. ನಿಯಮ ಎಲ್ಲಿ ತಪ್ಪಿದೆ ಅಂತ ಅವರು ಮೊದಲ ಸುತ್ತಿನಲ್ಲೇ ಹೇಳುತ್ತಾರೆ.